ಘಾಟಿ ಹತ್ತಲು ಗ್ರಾಂ ಲೆಕ್ಕ

ಗುಲ್ಮರ್ಗ್‌ನಲ್ಲಿ ಸ್ನೋಮೊಬೈಲ್ ಸವಾರಿಗೆ ಕಾದು ನಿಂತವರ ನಡುವೆ ಗುಜರಾತಿ ಮಾತು ಧಾರಾಳವಾಗಿ ಕೇಳುತ್ತದೆ. ಅಹಮದಾಬಾದ್, ವಡೋದರಾ, ಸೂರತ್‌ಗಳಿಂದ ಹಿಮ ನೋಡಲೆಂದೇ ಬಂದ ಕುಟುಂಬಗಳು ಅವು. ಹಿಮದ ಮೇಲೆ ಓಡುವ ಆ ಗಾಡಿಗೆ ಗೇರ್ ಬದಲಿಸುವ ಗೋಜಿಲ್ಲ, ಆಕ್ಸಿಲರೇಟರ್ ಒತ್ತಿದರೆ ಸಾಕು. ಊರಿನಲ್ಲಿ ಪಾರ್ಕಿಂಗ್‌ನಲ್ಲಿ ಬಿಟ್ಟುಬಂದ ಆಕ್ಟಿವಾ ಓಡುವುದೂ ಇದೇ ತತ್ವದ ಮೇಲೆ. ಎರಡು ಪುಲಿ, ನಡುವೆ ಒಂದು ರಬ್ಬರ್ ಬೆಲ್ಟ್. ಪುಲಿಗಳು ಅಗಲವಾದಂತೆ, ಕಿರಿದಾದಂತೆ ಗೇರ್ ತಾನೇ ಬದಲಾಗುತ್ತದೆ.

ಗುಜರಾತಿನ ಈ ಮೂರು ನಗರಗಳೂ ಸ್ಕೂಟರ್ ನೆಚ್ಚಿದ ಊರುಗಳು. 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ ಬಂದು ಗೇರಿಲ್ಲದ ಸ್ಕೂಟರಿನ ರುಚಿ ಹತ್ತಿಸಿತು. ಈ ಶತಮಾನದ ಆರಂಭದಲ್ಲಿ ಆಕ್ಟಿವಾ ಬಂದಮೇಲೆ ಮನೆಯ ಹೆಣ್ಣುಮಕ್ಕಳು, ಹಿರಿಯರು, ಅಂಗಡಿಯವರು ಎಲ್ಲರೂ ಅದನ್ನೇ ಹತ್ತಿದರು. 2013ರಲ್ಲಿ ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಾರ್ಖಾನೆ ತೆರೆದ ಹೋಂಡಾ, 2016ರಲ್ಲಿ ಅಹಮದಾಬಾದ್ ಜಿಲ್ಲೆಯ ವಿಠಲಾಪುರದಲ್ಲಿ ಸ್ಕೂಟರ್‌ಗಳಿಗೆಂದೇ ಇನ್ನೊಂದನ್ನು ಕಟ್ಟಿತು.

ಊರು ಸಪಾಟು. ಆದರೆ ರಜೆ ಬಂದರೆ ಗಾಡಿಯ ಮೂತಿ ಬೆಟ್ಟದ ಕಡೆಗೇ. ವಡೋದರಾದವರಿಗೆ ಐವತ್ತು ಕಿಲೋಮೀಟರ್ ದೂರದ ಪಾವಾಗಢ, ಕಾಳಿಕಾ ಮಾತೆಯ ಬೆಟ್ಟ. ಬೆಟ್ಟದ ಮೇಲಿನ ಮಾಚಿಯವರೆಗೂ ರಸ್ತೆ ಇದೆ. ಸೂರತ್ತಿನ ಹುಡುಗರಿಗೆ ಮಳೆಗಾಲದ ಡಾಂಗ್ ಕಾಡು ಮತ್ತು ಸಾಪುತಾರಾ. ಅಹಮದಾಬಾದಿನವರು ಗಡಿ ದಾಟಿ ರಾಜಸ್ಥಾನದ ಮೌಂಟ್ ಅಬುವಿಗೆ, 1,220 ಮೀಟರ್ ಎತ್ತರಕ್ಕೆ ಹೊರಡುತ್ತಾರೆ. ಇಬ್ಬರು ದೊಡ್ಡವರು, ಮುಂದೆ ಒಂದು ಮಗು, ಕಾಲ ಬಳಿ ಚೀಲ. ಮೊದಲ ಕಡಿದಾದ ತಿರುವಿನಲ್ಲೇ ಗಾಡಿ ಏದುಸಿರು ಬಿಡುತ್ತದೆ. ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿದರೂ ವೇಗ ಇಳಿಯುತ್ತಲೇ ಹೋಗುತ್ತದೆ. ಆಗುಂಬೆ, ಚಾರ್ಮಾಡಿ ಹತ್ತಿದ ನಮ್ಮವರಿಗೂ ಇದು ಹೊಸದಲ್ಲ.

ಆಗ ಗ್ಯಾರೇಜಿನಲ್ಲಿ ಸಿಗುವ ಸಲಹೆ ಒಂದೇ: ರೋಲರ್ ಬದಲಿಸಿ.

ಮುಂದಿನ ಪುಲಿಯ ಒಳಗೆ ಆರು ಪುಟ್ಟ ರೋಲರ್‌ಗಳಿವೆ. ಎಂಜಿನ್ ವೇಗವಾಗಿ ಸುತ್ತಿದಂತೆ ಅವು ಹೊರಕ್ಕೆ ಜಾರಿ ಪುಲಿಯ ಒಂದು ತಟ್ಟೆಯನ್ನು ಇನ್ನೊಂದರತ್ತ ತಳ್ಳುತ್ತವೆ. ಬೆಲ್ಟ್ ಮೇಲೇರುತ್ತದೆ, ಗೇರ್ ಎತ್ತರಕ್ಕೆ ಹೋಗುತ್ತದೆ. ಹಿಂದಿನ ಪುಲಿಯ ಸ್ಪ್ರಿಂಗ್ ಇದಕ್ಕೆ ಎದುರಾಗಿ ತಳ್ಳುತ್ತಿರುತ್ತದೆ. ಏರು ಬಂದಾಗ, ಹೊರೆ ಹೆಚ್ಚಿದಾಗ, ಅಲ್ಲಿ ಓರೆಯಾಗಿ ಕೊರೆದ ತೋಡು ಬೆಲ್ಟನ್ನು ಇನ್ನಷ್ಟು ಬಿಗಿಹಿಡಿದು ಗೇರನ್ನು ಕೆಳಕ್ಕೆ ಎಳೆಯುತ್ತದೆ. ಈ ಜಗ್ಗಾಟದಲ್ಲಿ ರೋಲರ್ ಭಾರವಾಗಿದ್ದರೆ ಎತ್ತರದ ಗೇರೇ ಬೇಗ ಗೆಲ್ಲುತ್ತದೆ. ಎಂಜಿನ್ನಿನ ಸುತ್ತು ಕುಗ್ಗುತ್ತದೆ, ಕಸುವೂ ಕುಗ್ಗುತ್ತದೆ. ರೋಲರ್ ಹಗುರವಾದರೆ ಗೇರ್ ತಡವಾಗಿ ಏರುತ್ತದೆ, ಎಂಜಿನ್ ತನ್ನ ಕಸುವಿನ ಸುತ್ತಿನಲ್ಲೇ ನಿಲ್ಲುತ್ತದೆ. ದಿಣ್ಣೆ ಹತ್ತುವವನು ಹೆಜ್ಜೆ ಚಿಕ್ಕದು ಮಾಡಿಕೊಳ್ಳುವ ಹಾಗೆ. ಒಂದೊಂದರಲ್ಲಿ ಒಂದೇ ಗ್ರಾಂ ಇಳಿಸಿದರೂ ಆರಕ್ಕೆ ಆರು ಗ್ರಾಂ ಆಯಿತು. ಏರಿನಲ್ಲಿ ಅದು ಕೈಗೆ ತಿಳಿಯುತ್ತದೆ. ನಡುವಿನ ತೂಕ ಬೇಕೆಂದವರು ಮೂರು ಹಗುರ, ಮೂರು ಭಾರದ್ದನ್ನು ಒಂದು ಬಿಟ್ಟು ಒಂದರಂತೆ ಕೂರಿಸುತ್ತಾರೆ.

ಹಿಮದ ಗಾಡಿಯವರು ಇದನ್ನು ತಪಸ್ಸಿನಂತೆ ಮಾಡುತ್ತಾರೆ. ಕೆನಡಾದ ಬೊಂಬಾರ್ಡಿಯರ್ 1959ರಲ್ಲಿ ಸ್ಕಿ-ಡೂ ತಂದಾಗಿನಿಂದ ಬೆಳೆದುಬಂದ ಕಲೆ ಅದು. ಅಲ್ಲಿ ರೋಲರಿನ ಬದಲು ತೋಳಿನಂಥ ತೂಕಗಳು ಹೊರಕ್ಕೆ ಚಾಚುತ್ತವೆ. ಸ್ಕೂಟರಿನಂತೆ ಬೇರೆ ಕ್ಲಚ್ ಇಲ್ಲ, ಮುಂದಿನ ಪುಲಿಯೇ ಬೆಲ್ಟನ್ನು ಸಡಿಲಬಿಟ್ಟು ಕ್ಲಚ್ಚಿನ ಕೆಲಸವನ್ನೂ ಮಾಡುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 2,650 ಮೀಟರ್ ಎತ್ತರದ ಗುಲ್ಮರ್ಗ್‌ನಲ್ಲಿ ಅದು ಕಡಲ ಮಟ್ಟಕ್ಕಿಂತ ಹೆಚ್ಚುಕಡಿಮೆ ಕಾಲುಭಾಗ ತೆಳು, ಎಂಜಿನ್ನಿನ ಬಲವೂ ಸುಮಾರು ಅಷ್ಟೇ ಇಳಿಯುತ್ತದೆ. ಬಲ ಕುಗ್ಗಿದ ಎಂಜಿನ್ನಿಗೆ ಬಯಲಿನ ತೂಕ ಭಾರವಾಗುವುದರಿಂದ ಬೆಟ್ಟದ ಸವಾರರು ಗ್ರಾಂಗಟ್ಟಲೆ ಇಳಿಸಿ, ಸ್ಪ್ರಿಂಗ್ ಬದಲಿಸಿ, ಎಂಜಿನ್ ಪೂರ್ಣ ಶಕ್ತಿ ಕೊಡುವ ಸುತ್ತಿಗೆ ಮರಳುವವರೆಗೆ ಮತ್ತೆ ಮತ್ತೆ ಓಡಿಸಿ ನೋಡುತ್ತಾರೆ. ಸಾಪುತಾರಾದ ಎತ್ತರ ಸಾವಿರ ಮೀಟರಿನ ಆಸುಪಾಸು. ಅಲ್ಲಿ ಗಾಳಿಯಿಂದಾಗುವ ನಷ್ಟ ಹತ್ತರಲ್ಲೊಂದು ಪಾಲು. ನಮ್ಮ ಸ್ಕೂಟರನ್ನು ಸುಸ್ತು ಮಾಡುವುದು ಮುಖ್ಯವಾಗಿ ಏರು ಮತ್ತು ಹೊರೆ.

ಹಾಗಾದರೆ ಅಹಮದಾಬಾದಿನ ಸ್ಕೂಟರಿಗೆ ಹಗುರ ರೋಲರ್ ಹಾಕಿಸಬೇಕೇ? ಬೇಡ ಎಂದೇ ನನ್ನ ಅಭಿಪ್ರಾಯ. ಗೇರ್ ತಡವಾಗಿ ಏರುವ ಗಾಡಿ ಬಯಲಿನಲ್ಲಿ ಅದೇ ವೇಗಕ್ಕೆ ಹೆಚ್ಚು ಸುತ್ತುತ್ತದೆ, ಹೆಚ್ಚು ಸದ್ದು ಮಾಡುತ್ತದೆ, ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ವರ್ಷವಿಡೀ ಓಡುವುದು ನಗರದ ಆಶ್ರಮ ರೋಡಿನಲ್ಲಿ, ಬೆಟ್ಟಕ್ಕೆ ಹೋಗುವುದು ಅಪರೂಪಕ್ಕೆ. ಆ ಅಪರೂಪಕ್ಕಾಗಿ ದಿನದಿನದ ಮೈಲೇಜ್ ಕಳೆದುಕೊಳ್ಳುವುದು ಲೆಕ್ಕಕ್ಕೆ ಬಾರದು. ಗಟ್ಟಿ ಸ್ಪ್ರಿಂಗ್ ಹಾಕಿಸಿದರೂ ಅಷ್ಟೇ; ಬೆಲ್ಟ್ ಹೆಚ್ಚು ಬಿಸಿಯಾಗುತ್ತದೆ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನ ಎಸ್ಟೇಟ್ ದಾರಿಯಲ್ಲೋ ದಿನವೂ ಹತ್ತಿಳಿಯುವವರ ಮಾತು ಬೇರೆ. ಅವರಿಗೆ ಈ ಬದಲಾವಣೆ ನಿಜಕ್ಕೂ ಒದಗುತ್ತದೆ.

ಬಯಲಿನವರು ಮಾಡಬೇಕಾದ ಕೆಲಸ ಇನ್ನೂ ಸರಳ, ಅದನ್ನೇ ಹೆಚ್ಚಿನವರು ಮಾಡಿಸುವುದಿಲ್ಲ. ಕವರ್ ಬಿಚ್ಚಿಸಿ ನೋಡಿ. ದುಂಡಗಿರಬೇಕಾದ ರೋಲರ್ ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೆ ಅದು ಉರುಳುವುದಿಲ್ಲ, ಸಿಕ್ಕಿಕೊಳ್ಳುತ್ತದೆ. ಬೆಲ್ಟ್ ಸವೆದು ಕಿರಿದಾಗಿದ್ದರೆ ಪುಲಿಯಲ್ಲಿ ತಗ್ಗಿನಲ್ಲಿ ಕೂತು ಎಳೆತ ಕೆಡುತ್ತದೆ. ವರ್ನಿಯರಿನಲ್ಲಿ ಅಗಲ ಅಳೆದು ಕೈಪಿಡಿಯ ಮಿತಿಗೆ ಹೋಲಿಸಿದರೆ ಸತ್ಯ ಗೊತ್ತಾಗುತ್ತದೆ. ಪುಲಿಯ ಮುಖದ ಮೇಲೆ ಒಳಗಿನಿಂದ ಹೊರ ಅಂಚಿಗೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದು ಒಂದು ಸುತ್ತು ಓಡಿಸಿ ಬನ್ನಿ. ಗೆರೆ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಬೆಲ್ಟ್ ಏರಿದೆ. ಕಂಪನಿಯ ತೂಕದ್ದೇ ಹೊಸ ರೋಲರ್, ಹೊಸ ಬೆಲ್ಟ್ ಹಾಕಿಸಿದಾಗ ಎಷ್ಟೋ ಗಾಡಿಗಳ ಏರಿನ ದೂರು ಅಲ್ಲಿಗೇ ಮುಗಿಯುತ್ತದೆ. ಇನ್ನು ಫ್ಲೈಓವರಿನ ಏರಿನಲ್ಲಿ ಟ್ರಾಫಿಕ್ ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಹಿಡಿದೇ ಗಾಡಿಯನ್ನು ನಿಲ್ಲಿಸಿಕೊಳ್ಳುವವರಿದ್ದಾರೆ. ಕ್ಲಚ್ ಶೂ ಅಲ್ಲೇ ಸುಡುತ್ತದೆ.

ಹತ್ತುವುದಕ್ಕಿಂತ ನನಗೆ ಭಯವಿರುವುದು ಇಳಿಯುವ ಬಗ್ಗೆ. ಗೇರಿನ ಬೈಕಿನಂತೆ ಎಂಜಿನ್ ಇಲ್ಲಿ ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ. ಎಂಜಿನ್ನಿನ ಸುತ್ತು ತೀರಾ ಇಳಿದರೆ ಕ್ಲಚ್ ಬಿಟ್ಟುಕೊಂಡು ಗಾಡಿ ಸುಮ್ಮನೆ ಉರುಳತೊಡಗುತ್ತದೆ, ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಪೆಟ್ರೋಲ್ ಉಳಿಸಲೆಂದು ಅಬುವಿನ ಘಾಟಿಯಲ್ಲಾಗಲಿ ಆಗುಂಬೆಯಲ್ಲಾಗಲಿ ಎಂಜಿನ್ ಆರಿಸಿ ಇಳಿಯಲೇಬೇಡಿ. ಸಣ್ಣಗೆ ಆಕ್ಸಿಲರೇಟರ್ ಕೊಟ್ಟರೆ ಕ್ಲಚ್ ಮತ್ತೆ ಕಚ್ಚಿಕೊಳ್ಳುತ್ತದೆ, ಎಂಜಿನ್ನಿನ ತಡೆಯೂ ತುಸು ಸಿಗುತ್ತದೆ. ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕು. ಬ್ರೇಕ್ ಮೆತ್ತಗಾಯಿತು ಅನ್ನಿಸಿದ ಕೂಡಲೇ ಬದಿಗೆ ನಿಲ್ಲಿಸಿ, ಅದು ಆರುವವರೆಗೆ ಹೆಂಡತಿ ಮಕ್ಕಳನ್ನು ಕೆಳಗಿಳಿಸಿ ಕಾಯಬೇಕು.