ಪುಟಾಣಿ ರಾಜಕುಮಾರಿಯ ಉಡುಪು: ಅಂದದ ಜತೆ ಎಚ್ಚರವೂ ಇರಲಿ

ಮಕ್ಕಳ ದಿನಾಚರಣೆ, ಶಾಲಾ ವಾರ್ಷಿಕೋತ್ಸವಗಳು ಸಮೀಪಿಸಿದಂತೆ ಮನೆಮನೆಗಳಲ್ಲಿ ಛದ್ಮವೇಷದ ಸಿದ್ಧತೆ ಆರಂಭವಾಗುತ್ತದೆ. ಪುಟ್ಟ ಬಾಲೆಯರು ಹಟ ಹಿಡಿಯುವುದು ಹೆಚ್ಚಾಗಿ ರಾಜಕುಮಾರಿಯ ಉಡುಪಿಗೆ. ಸಾಮಾನ್ಯ ಫ್ರಾಕ್ ಹೊಲಿದ ಅನುಭವವುಳ್ಳವರು ಇದನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು. ಬಾಡಿಗೆಯ ಉಡುಪಿನಲ್ಲಿ ದೊರೆಯದ ಅನುಕೂಲವೊಂದು ಇದರಲ್ಲಿದೆ. ಮಗುವಿನ ಮೈಗೆ ಯಾವ ಬಟ್ಟೆ ತಾಗಬೇಕು, ನೆರಿಗೆ ಎಷ್ಟು ಹರಡಬೇಕು ಎಂಬುದನ್ನು ಪಾಲಕರೇ ನಿರ್ಧರಿಸಬಹುದು.

ಅಳತೆ: ಎದೆ, ಸೊಂಟ, ಹೆಗಲಿನಿಂದ ಸೊಂಟದವರೆಗಿನ ಹಾಗೂ ಸೊಂಟದಿಂದ ಕಣಕಾಲಿನವರೆಗಿನ ಉದ್ದ ಮುಖ್ಯ. ಎದೆಯ ಸುತ್ತಳತೆಗೆ ಸುಮಾರು 5 ಸೆಂ.ಮೀ. ಸಡಿಲ ಸೇರಿಸಬೇಕು. ಕೊರಳು, ಕಂಕುಳಿನ ಆಕಾರಕ್ಕೆ ಮಗುವಿಗೆ ಸರಿಹೊಂದುವ ಫ್ರಾಕನ್ನೇ ಕಾಗದದ ಮೇಲಿರಿಸಿ ಗುರುತು ಮಾಡಿಕೊಳ್ಳಬಹುದು.

ಹೊಲಿಗೆ: ಮೇಲ್ಭಾಗಕ್ಕೆ ಸ್ಯಾಟಿನ್, ಅದರೊಳಗೆ ಹತ್ತಿಯ ಅಸ್ತರಿ ಇರಲಿ. ಲಂಗದ ಸ್ಯಾಟಿನ್ ಸೊಂಟದ ಎರಡರಷ್ಟು, ಮೇಲಿನ ನೆಟ್ ಮೂರರಷ್ಟು ಅಗಲವಿದ್ದರೆ ನೆರಿಗೆ ತುಂಬಿಕೊಳ್ಳುತ್ತದೆ. ಸೊಂಟ 54 ಸೆಂ.ಮೀ. ಇದ್ದರೆ ಸ್ಯಾಟಿನ್ 108, ನೆಟ್ 162 ಸೆಂ.ಮೀ. ಬೇಕು. ಹೊಲಿಗೆಯ ಅಂಚಿಗೆ ಬೇಕಾದ ಬಟ್ಟೆ ಪ್ರತ್ಯೇಕ. ಮೇಲಂಚಿಗೆ ಎರಡು ಸಾಲು ಉದ್ದನೆಯ ಹೊಲಿಗೆ ಹಾಕಿ, ದಾರವನ್ನು ಎಳೆದು ನೆರಿಗೆಗಳನ್ನು ಸಮನಾಗಿ ಹಂಚಿದ ನಂತರ ಮೇಲ್ಭಾಗಕ್ಕೆ ಜೋಡಿಸಬೇಕು. ನೆಟ್‌ನ ಅಂಚಿನ ಎಳೆ ಬಿಚ್ಚಿಕೊಳ್ಳದ ಕಾರಣ ಕೆಳಗೆ ಮಡಿಚಿ ಹೊಲಿಯುವ ಅಗತ್ಯವಿಲ್ಲ. ಆದರೆ ಸೊಂಟದ ಒಳಗೆ ಉಳಿಯುವ ಅದರ ಅಂಚು ಚರ್ಮವನ್ನು ಗೀರುತ್ತದೆ. ಅಸ್ತರಿಯನ್ನು ಕೆಳಗೆ ಮಡಿಚಿ, ಆ ಅಂಚನ್ನು ಮುಚ್ಚಿ ಕೈಹೊಲಿಗೆ ಹಾಕಬೇಕು. ವೇದಿಕೆಯ ಮೇಲೆ ಮಗು ಕೆರೆದುಕೊಳ್ಳುತ್ತಾ ಅಳುವುದು ಇದರಿಂದ ತಪ್ಪುತ್ತದೆ.

ಬೆಂಕಿಯ ಭಯ: ತೆಳುವಾದ ನೆಟ್‌ನ ರಂಧ್ರಗಳಲ್ಲಿ ಗಾಳಿ ಆಡುವುದರಿಂದ ಕಿಡಿ ತಾಗಿದೊಡನೆ ಜ್ವಾಲೆ ಹಬ್ಬುತ್ತದೆ. ಕೃತಕ ನೂಲಿನದಾದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. 2014ರಲ್ಲಿ ಬ್ರಿಟನ್ನಿನ ದೂರದರ್ಶನ ನಿರೂಪಕಿ ಕ್ಲಾಡಿಯಾ ವಿಂಕಲ್‌ಮನ್ ಅವರ ಮಗಳ ಹ್ಯಾಲೋವೀನ್ ಉಡುಪಿಗೆ ಮೇಣದಬತ್ತಿಯಿಂದ ಬೆಂಕಿ ತಗುಲಿ ಆಕೆ ತೀವ್ರವಾಗಿ ಗಾಯಗೊಂಡಿದ್ದಳು. ವೇದಿಕೆಯಲ್ಲಿ ದೀಪ ಬೆಳಗುವ, ಹುಟ್ಟುಹಬ್ಬಕ್ಕೆ ಮೇಣದಬತ್ತಿ ಹಚ್ಚುವ ನಮ್ಮಲ್ಲಿಯೂ ಈ ಅಪಾಯ ದೂರವಿಲ್ಲ. ಹತ್ತಿಯೂ ಉರಿಯುವ ಬಟ್ಟೆಯೇ. ಆದ್ದರಿಂದ ಬಟ್ಟೆಯ ಆಯ್ಕೆಯೊಂದೇ ರಕ್ಷಣೆಯಾಗದು, ಮಗುವನ್ನು ಜ್ವಾಲೆಯಿಂದ ದೂರವಿರಿಸುವುದೇ ಮೊದಲ ಉಪಾಯ. ನೆಟ್‌ನ ಪದರಗಳನ್ನು ಮಿತಗೊಳಿಸಿ, ತೋಳುಗಳನ್ನು ಗಿಡ್ಡವಾಗಿರಿಸುವುದು ಲೇಸು.

ಲಂಗ ಕಣಕಾಲಿಗಿಂತ ತುಸು ಮೇಲಿದ್ದರೆ ಮಗು ಎಡವುವುದಿಲ್ಲ. ಮೇಲ್ವಸ್ತ್ರವಿದ್ದಲ್ಲಿ ಕೊರಳಿಗೆ ದಾರ ಬಿಗಿಯದೆ, ಎಳೆದೊಡನೆ ಕಳಚುವ ವೆಲ್ಕ್ರೋವನ್ನು ಹೆಗಲ ಬಳಿ ಹೊಲಿಯಬೇಕು. ಉಡುಪು ಸಿದ್ಧವಾದ ಮೇಲೆ ಮಗುವಿಗೆ ತೊಡಿಸಿ ಓಡಾಡಲು, ಕುಳಿತೇಳಲು ಬಿಟ್ಟು ನೋಡಿದರೆ, ತಿದ್ದಬೇಕಾದುದೇನೆಂದು ತಾನಾಗಿಯೇ ತಿಳಿಯುತ್ತದೆ.