ಬೆನ್ನಮೇಲಿನ ರೇಖೆಗಳು

ಆಳಂದದ ಬೇವಿನ ಮರದಲ್ಲಿಯೂ ಅಫಜಲಪುರದ ಹಿತ್ತಿಲ ಗೋಡೆಯ ಮೇಲೆಯೂ ಜೇವರ್ಗಿಯ ಶಾಲೆಯ ಅಂಗಳದಲ್ಲಿಯೂ ನಿತ್ಯವೂ ಕಣ್ಣಿಗೆ ಬೀಳುವ, ನಿತ್ಯವೂ ಬೀಳುತ್ತಿರುವ ಕಾರಣದಿಂದಲೇ ಯಾರೂ ನಿಂತು ನೋಡದ ಪ್ರಾಣಿಯೆಂದರೆ ಅಳಿಲು. ಅದರ ಬೆನ್ನಿನ ಮೇಲೆ ಎಷ್ಟು ಬಿಳಿಯ ಪಟ್ಟೆಗಳಿವೆಯೆಂದು ಕೇಳಿದರೆ, ಸೇತುಬಂಧದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿ ಬೆಳೆದವರೆಲ್ಲರೂ ಮೂರೆಂದು ಉತ್ತರಿಸುವರು. ಶ್ರೀರಾಮನು ನೇವರಿಸಿದ್ದು ಮೂರು ಬೆರಳುಗಳಿಂದಲ್ಲವೆ? ಮೈಸೂರಿನಲ್ಲಿಯೋ ಮಧುರೆಯಲ್ಲಿಯೋ ಕೊಟ್ಟಿದ್ದಾದರೆ ಈ ಉತ್ತರಕ್ಕೆ ಆಕ್ಷೇಪವೇ ಇಲ್ಲ. ದಿಲ್ಲಿಯಲ್ಲಿ ಮಾತ್ರ ಅದು ತಪ್ಪಾಗುತ್ತದೆ, ಏಕೆಂದರೆ ಅಲ್ಲಿಯ ಅಳಿಲಿಗೆ ಇರುವುದು ಐದು ಪಟ್ಟೆ. ಇನ್ನು ಕಲಬುರಗಿ ಸೀಮೆಯಲ್ಲಿ, ಮರದ ಕೆಳಗೆ ನಿಂತು ಎಣಿಸಿಯೇ ಉತ್ತರ ಹೇಳಬೇಕು.

ಪಟ್ಟೆಗಳ ಈ ಭೇದವು ಕೇವಲ ಬಣ್ಣದ ವೈಚಿತ್ರ್ಯವಲ್ಲ. ಇವು ಎರಡು ಬೇರೆ ಬೇರೆ ಪ್ರಭೇದಗಳು. ದಕ್ಷಿಣದ ಮೂರು ಪಟ್ಟೆಯ ಅಳಿಲಿಗೆ ಲಿನೀಯಸನು 1766ರಲ್ಲಿಯೇ ಶಾಸ್ತ್ರೀಯ ನಾಮವನ್ನು ಕೊಟ್ಟಿದ್ದನು. ಉತ್ತರದ ಐದು ಪಟ್ಟೆಯದನ್ನು ರಾಟನ್ ಎಂಬ ಪ್ರಾಣಿಶಾಸ್ತ್ರಜ್ಞನು ಅದರಿಂದ ಬೇರ್ಪಡಿಸಿ, ಹದಿನೆಂಟನೆಯ ಶತಮಾನದ ಪ್ರಕೃತಿವಿಜ್ಞಾನಿ ಪೆನ್ನಂಟನ ಹೆಸರನ್ನು ಅದಕ್ಕಿತ್ತದ್ದು 1905ರಲ್ಲಿ. ಎರಡರ ಬೆನ್ನಿನ ನಡುವೆಯೂ ಮೂರು ರೇಖೆಗಳು ಸ್ಫುಟವಾಗಿರುತ್ತವೆ. ಉತ್ತರದ್ದಕ್ಕೆ ಇವುಗಳ ಹೊರಗೆ, ಎರಡೂ ಪಕ್ಕೆಗಳ ಮೇಲೆ, ತುಸು ಮಸುಕಾದ ಇನ್ನೊಂದೊಂದು ರೇಖೆಯಿರುವುದರಿಂದ, ಮೇಲಿನಿಂದ ಮಾತ್ರ ನೋಡಿದವನು ಐದನ್ನು ಮೂರೆಂದು ಎಣಿಸಿಬಿಡುವ ಸಂಭವ ಉಂಟು. ಆದುದರಿಂದ ಪಕ್ಕೆಯನ್ನು ನೋಡದೆ ನಿರ್ಣಯಿಸಕೂಡದು. ಒಣಹವೆಯ ಬಯಲಿಗೂ ಮನುಷ್ಯವಸತಿಗೂ ಐದು ಪಟ್ಟೆಯದು ವಿಶೇಷವಾಗಿ ಒಗ್ಗಿಕೊಂಡಿದೆ. 1898ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ಮೃಗಾಲಯದ ಪರಿಸರದಲ್ಲಿ ಬಿಡಲ್ಪಟ್ಟ ಕೆಲವು ಅಳಿಲುಗಳು ಸಮುದ್ರಾಂತರದ ಆ ಊರಿನಲ್ಲಿಯೂ ಸಂಸಾರ ಹೂಡಿ ನೆಲೆಸಿದುವೆಂಬುದೇ ಇದಕ್ಕೆ ಸಾಕ್ಷ್ಯ. ಈ ಎರಡು ಪ್ರಭೇದಗಳ ನೆಲೆಗಳೂ ಸಂಧಿಸುವುದು ದಖನ್ನಿನ ಪ್ರಸ್ಥಭೂಮಿಯಲ್ಲಿ. ಮತ್ತು ನಮ್ಮ ಮೂರು ತಾಲೂಕುಗಳು, ತೊಗರಿಯ ಕರಿನೆಲದ ಈ ಬಿಸಿಲುನಾಡು, ಇರುವುದು ಆ ಪ್ರಸ್ಥಭೂಮಿಯ ಮಡಿಲಿನಲ್ಲಿ.

ಪುಸ್ತಕದ ಭೂಪಟದಲ್ಲಿ ಇಂತಹ ಸಂಧಿಪ್ರದೇಶವು ಅಗಲವಾದ ಕುಂಚದಿಂದ ಎಳೆದ ಬಣ್ಣವಾಗಿ ಮಾತ್ರ ಕಾಣಿಸುತ್ತದೆ. ಅದನ್ನು ಊರೂರಿನ ಮಟ್ಟಕ್ಕೆ ಇಳಿಸಿ ಸೂಕ್ಷ್ಮಗೊಳಿಸುವವರು ಯಾರು? ಒಂದು ಕಾಲದಲ್ಲಿ ಈ ಕಾರ್ಯವು ಬಂದೂಕು ಹಿಡಿದ ಸಂಗ್ರಾಹಕರದಾಗಿತ್ತು. 1883ರಲ್ಲಿ ಸ್ಥಾಪಿತವಾದ ಮುಂಬಯಿಯ ನಿಸರ್ಗೇತಿಹಾಸ ಸಂಘವು 1911ರಲ್ಲಿ ದೇಶದ ಸಸ್ತನಿಗಳ ಸಮೀಕ್ಷೆಯನ್ನು ಕೈಗೊಂಡಾಗ, ಸಂಗ್ರಾಹಕರು ಜಿಲ್ಲೆಯಿಂದ ಜಿಲ್ಲೆಗೆ ಸಂಚರಿಸಿ, ಪ್ರಾಣಿಗಳನ್ನು ಕೊಂದು, ಚರ್ಮವನ್ನು ಹದಮಾಡಿ, ದಿನಾಂಕ ಸ್ಥಳಗಳ ಚೀಟಿ ಕಟ್ಟಿ ಕಳುಹಿಸುತ್ತಿದ್ದರು. ಕಲಬುರಗಿಯು ನಿಜಾಮರ ಸಂಸ್ಥಾನದಲ್ಲಿದ್ದ ಕಾಲದಲ್ಲಿ, 1931–32ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ನಡೆಸಿದುದೂ ಇದೇ ಪರಂಪರೆಯಲ್ಲಿ. ಆ ಶ್ರಮದ ಬಗೆಗೆ ನನಗೆ ಅಪಾರ ಗೌರವವಿದೆ. ಇಂದಿಗೂ ನಮ್ಮ ಜ್ಞಾನದ ತಳಹದಿ ಅದೇ. ಆದರೆ ಒಬ್ಬ ವಿದ್ವಾಂಸನು ಒಂದು ಊರಿನಲ್ಲಿ ನಿಲ್ಲಬಹುದಾದದ್ದು ಕೆಲವೇ ದಿನ. ಆ ಊರಿನಲ್ಲಿಯೇ ಹುಟ್ಟಿ ಬಾಳುವವನಿಗೆ ಎಲ್ಲ ಋತುಗಳೂ ಲಭ್ಯ.

ಈಗ ಚರ್ಮದ ಸ್ಥಾನವನ್ನು ಛಾಯಾಚಿತ್ರವೂ ಚೀಟಿಯ ಸ್ಥಾನವನ್ನು ಮೊಬೈಲಿನೊಳಗಿನ ಗಡಿಯಾರವೂ ಉಪಗ್ರಹಸಂಕೇತಗಳಿಂದ ಅಕ್ಷಾಂಶ ರೇಖಾಂಶಗಳನ್ನು ಗಣಿಸುವ ಯಂತ್ರಾಂಶವೂ ಆಕ್ರಮಿಸಿವೆ. 2008ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಮೂವರು ವಿದ್ಯಾರ್ಥಿಗಳ ಅಭ್ಯಾಸಕಾರ್ಯವಾಗಿ ಆರಂಭಗೊಂಡ ಐ-ನ್ಯಾಚುರಲಿಸ್ಟ್ ಎಂಬ ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆಳಂದದ ವಿದ್ಯಾರ್ಥಿನಿಯೊಬ್ಬಳು ತನ್ನ ಮನೆಯ ಮಾಳಿಗೆಯ ಮೇಲಿನ ಅಳಿಲಿನ ಚಿತ್ರವನ್ನು ಅದಕ್ಕೆ ಒಪ್ಪಿಸಿದಳೆನ್ನಿ. ಅವಳು ಸೂಚಿಸಿದ ಹೆಸರನ್ನು, ಅವಳನ್ನೆಂದೂ ಕಂಡರಿಯದ ಬೇರೆಯವರು ಚಿತ್ರವನ್ನು ನೋಡಿ ಅನುಮೋದಿಸುತ್ತಾರೆ ಅಥವಾ ತಿದ್ದುತ್ತಾರೆ. ಕನಿಷ್ಠ ಇಬ್ಬರು ಅಭಿಪ್ರಾಯವಿತ್ತು, ಅಭಿಪ್ರಾಯವಿತ್ತವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಂದಿ ಪ್ರಭೇದದ ವಿಷಯದಲ್ಲಿ ಏಕಮತರಾದರೆ, ದಿನಾಂಕವೂ ಸ್ಥಳವೂ ಸರಿಯಾಗಿದ್ದು ಪ್ರಾಣಿಯು ಸಾಕಿದುದಲ್ಲವೆಂದಾದರೆ, ಆ ದಾಖಲೆಗೆ ಸಂಶೋಧನಯೋಗ್ಯವೆಂಬ ಪದವಿ ದೊರೆಯುತ್ತದೆ. ಅನಂತರ, ಬಳಕೆಯ ಅನುಮತಿಯಿದ್ದಲ್ಲಿ, ಕೋಪನ್‌ಹೇಗನ್ನಿನಲ್ಲಿ ಕಾರ್ಯಾಲಯವುಳ್ಳ ಜಾಗತಿಕ ಜೀವವೈವಿಧ್ಯ ಭಂಡಾರವನ್ನು ಅದು ಸೇರುವುದು. ಇಲ್ಲಿ ನನ್ನ ಮನಸ್ಸನ್ನು ಸೆಳೆದದ್ದು ಯಂತ್ರದ ಚಾತುರ್ಯವಲ್ಲ, ಈ ಪರಸ್ಪರ ಪರಿಶೀಲನೆಯ ಸೌಜನ್ಯ. ಹೇಳಿದವರು ಯಾರೆಂಬುದನ್ನು ಕೇಳದೆ, ಚಿತ್ರದಲ್ಲಿ ಕಾಣುವುದೇನೆಂಬುದನ್ನು ಮಾತ್ರ ಅದು ಕೇಳುತ್ತದೆ.

ಹಕ್ಕಿಗಳ ವಿಷಯದಲ್ಲಿ ಇದಕ್ಕಿಂತ ಮುಂದುವರಿದ ಕ್ರಮವೊಂದುಂಟು. ಈ-ಬರ್ಡ್ ಎಂಬ ದಾಖಲೆಯಲ್ಲಿ, ನಿಯತವಾದ ಅವಧಿಯೊಳಗೆ ತಾನು ಕಂಡು ಕೇಳಿ ಗುರುತಿಸಿದ ಹಕ್ಕಿಗಳೆಲ್ಲವನ್ನೂ, ಕಾಗೆಯನ್ನೂ ಬೆಳವವನ್ನೂ ಬಿಡದೆ, ವೀಕ್ಷಕನು ಬರೆದಿಡುತ್ತಾನೆ. ಇದಕ್ಕೆ ಪೂರ್ಣಪಟ್ಟಿಯೆಂದು ಹೆಸರು. ಪೂರ್ಣವಾದ ಪಟ್ಟಿಯಲ್ಲಿ ಬರೆಯದೆ ಉಳಿದುದಕ್ಕೂ ಅರ್ಥವಿದೆ, ಏಕೆಂದರೆ ಗುಬ್ಬಿಯ ಹೆಸರು ಅದರಲ್ಲಿಲ್ಲವೆಂದರೆ ಆ ಹೊತ್ತಿನಲ್ಲಿ ಅಲ್ಲಿ ಗುಬ್ಬಿ ಕಾಣಲಿಲ್ಲವೆಂದೇ ತಿಳಿಯಬಹುದು. ಒಂದು ಪ್ರದೇಶದ ನೂರು ಪೂರ್ಣಪಟ್ಟಿಗಳ ಪೈಕಿ ಎಷ್ಟರಲ್ಲಿ ಗುಬ್ಬಿಯಿದೆಯೆಂಬುದನ್ನು ವರ್ಷದಿಂದ ವರ್ಷಕ್ಕೆ ಹೋಲಿಸಿದಾಗ, ಅದು ಹೆಚ್ಚುತ್ತಿದೆಯೋ ಕ್ಷೀಣಿಸುತ್ತಿದೆಯೋ ತಾನಾಗಿ ವ್ಯಕ್ತವಾಗುತ್ತದೆ. ಮೂವತ್ತು ಸಹಸ್ರಕ್ಕೂ ಮಿಕ್ಕ ವೀಕ್ಷಕರ ಮೂರು ಕೋಟಿ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಾಮರ್ಶಿಸಿದ, ಭಾರತದ ಪಕ್ಷಿಗಳ ಸ್ಥಿತಿಗತಿಯ 2023ರ ವರದಿಯು ನಿಂತಿರುವುದು ಈ ಸರಳವಾದ ಗಣಿತದ ಮೇಲೆ. ಇದೇ ವರದಿಯ 2020ರ ಸಂಪುಟವು, ಗುಬ್ಬಿಯು ದೊಡ್ಡ ನಗರಗಳಲ್ಲಿ ಕಡಿಮೆಯಾಗಿದ್ದರೂ ದೇಶದಲ್ಲಿ ಒಟ್ಟಾರೆ ಸ್ಥಿರವಾಗಿಯೇ ಇದೆಯೆಂದು ತೋರಿಸಿಕೊಟ್ಟು, ಗುಬ್ಬಿ ನಾಶವಾಯಿತೆಂಬ ಜನಜನಿತ ಶೋಕಕ್ಕೆ ಪ್ರಮಾಣಬದ್ಧವಾದ ತಿದ್ದುಪಡಿಯನ್ನು ಒದಗಿಸಿತು. ಮೈಸೂರಿನ ಪಕ್ಷಿಪ್ರೇಮಿಗಳಂತೂ 2014ರಿಂದ 2016ರ ವರೆಗೆ ತಮ್ಮ ನಗರವನ್ನು ಚೌಕಗಳಾಗಿ ವಿಭಾಗಿಸಿಕೊಂಡು, ಚೌಕಚೌಕವನ್ನೂ ನಡೆದು ನೋಡಿ, ನಗರದ ಪಕ್ಷಿಪಟವನ್ನೇ ರಚಿಸಿದರು.

ಮೈಸೂರು ಬೆಂಗಳೂರುಗಳಲ್ಲಿ ವೀಕ್ಷಕರು ಬಹಳ. ಆದುದರಿಂದಲೇ ಅಲ್ಲಿಯ ಸಾವಿರದ ಒಂದನೆಯ ಅಳಿಲಿನ ಚಿತ್ರಕ್ಕಿಂತ ಜೇವರ್ಗಿಯ ಮೊದಲ ಹತ್ತು ಚಿತ್ರಗಳು ಶಾಸ್ತ್ರಕ್ಕೆ ಹೆಚ್ಚು ಬೆಲೆಯುಳ್ಳವು. ಮೂರು ಪಟ್ಟಣಗಳ ಸ್ಥಾನವನ್ನೇ ನೋಡಿ. ಆಳಂದವು ಕಲಬುರಗಿಯಿಂದ ಸೊಲ್ಲಾಪುರದ ಕಡೆಗೆ, ಮಹಾರಾಷ್ಟ್ರದ ಅಂಚಿನಲ್ಲಿದೆ. ಅಫಜಲಪುರವು ಭೀಮೆಯ ಉತ್ತರಕ್ಕೆ. ಜೇವರ್ಗಿಯಾದರೋ ಕಟ್ಟಿಸಂಗಾವಿಯ ಸೇತುವೆಯನ್ನು ದಾಟಿದ ಮೇಲೆ, ಭೀಮೆಯ ದಕ್ಷಿಣಕ್ಕೆ. ಮರದಿಂದ ಮರಕ್ಕೆ ಹಾರಿ ಬಾಳುವ ಪ್ರಾಣಿಗೆ ಅಗಲವಾದ ನದಿಯೊಂದು ಗಡಿಯಾದೀತೆ? ನದಿಯ ಎರಡು ದಡಗಳ ಅಳಿಲುಗಳ ಪಕ್ಕೆಗಳನ್ನು ನೋಡಿ ಬರೆದಿಟ್ಟಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ಬರೆದಿಡಬಲ್ಲವರು ಆ ದಡಗಳ ಜನರೇ.

ಕಾಲನಿರ್ಣಯದ ಬಗೆಗೆ ಒಂದು ಮಾತು. 2016ರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್‌ಫ್ರಾನ್ಸಿಸ್ಕೊ ನಗರಗಳ ಸ್ಪರ್ಧೆಯಾಗಿ ಮೊದಲಾಗಿ ಈಗ ಲೋಕವ್ಯಾಪಿಯಾಗಿರುವ ನಗರನಿಸರ್ಗದ ದಾಖಲೆಯ ಉತ್ಸವವು ಏಪ್ರಿಲ್ ತಿಂಗಳ ಕೊನೆಗೆ ಬರುತ್ತದೆ. ಅದು ಅವರಿಗೆ ವಸಂತ, ನಮಗೆ ಸುಡುಬೇಸಗೆ. ಆ ದಿನಗಳಲ್ಲಿ ಭಾಗವಹಿಸುವವರು ಬೆಳಗಿನ ತಂಪಿನಲ್ಲಿಯೇ ಕಾರ್ಯವನ್ನು ಮುಗಿಸುವುದು ಕ್ಷೇಮ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ, ಭಾರತವು 2013ರಿಂದ ಪಾಲ್ಗೊಳ್ಳುತ್ತಿರುವ ಹಿತ್ತಿಲ ಹಕ್ಕಿಗಳ ಎಣಿಕೆಯೇ ನಮ್ಮ ಸೀಮೆಗೆ ಹೆಚ್ಚು ಅನುಕೂಲವಾದುದೆಂದು ನನ್ನ ಅಭಿಪ್ರಾಯ. ಆಗ ಹವೆ ಹಿತಕರ. ಮಧ್ಯ ಏಷ್ಯದ ಹುಲ್ಲುಗಾವಲುಗಳಿಂದ ಚಳಿಗಾಲ ಕಳೆಯಲು ಬಂದ ಗುಲಾಬಿ ಕಬ್ಬಕ್ಕಿಗಳು ಹಿಂಗಾರಿ ಜೋಳದ ಹೊಲಗಳಲ್ಲಿ ಹಗಲನ್ನು ಕಳೆದು ಸಂಜೆಗೆ ಮೋಡದಂತೆ ಕೂಡಿ ಮರಗಳಿಗೆ ಇಳಿಯುವ ಕಾಲವೂ ಅದೇ. ಅಳಿಲಿಗೆ ಮಾತ್ರ ಋತುವಿನ ಹಂಗಿಲ್ಲ. ತೊಗರಿಯ ರಾಶಿ ನಡೆಯುವ ಕಣಗಳಲ್ಲಿ, ಭೀಮಾ ಅಮರ್ಜೆಯರ ಸಂಗಮವಿರುವ ಗಾಣಗಾಪುರದ ಔದುಂಬರ ವೃಕ್ಷಗಳಲ್ಲಿ, ಅಂಗಡಿಬೀದಿಯ ತಗಡಿನ ಮಾಡಿನ ಮೇಲೆ ಎಲ್ಲಿ ಬೇಕಾದರೂ ಅದನ್ನು ಅರಸಬಹುದು.

ಚಿತ್ರ ತೆಗೆಯುವವರು ಗೂಡಿನ ಸಮೀಪಕ್ಕೆ ಹೋಗಕೂಡದು. ಕಣ್ಣು ತೆರೆಯದೆ, ರೋಮವಿಲ್ಲದೆ ಹುಟ್ಟುವ ಮರಿಗಳನ್ನು ತಾಯಿ ನಾರು ಹುಲ್ಲುಗಳ ಆ ಮೆತ್ತೆಯಲ್ಲಿಯೇ ಸಾಕಬೇಕಾಗಿರುತ್ತದೆ. ನೆರೆಯವರ ಅಂಗಳವಾದರೆ ಅವರನ್ನು ಕೇಳಿ, ವಿಷಯವನ್ನು ತಿಳಿಸಿಯೇ ತೆಗೆಯಬೇಕು. ಬೆನ್ನಿನದೊಂದು, ಬಲಪಕ್ಕೆಯದೊಂದು, ಸಾಧ್ಯವಾದರೆ ಎಡಪಕ್ಕೆಯದೊಂದು, ಹೀಗೆ ಒಂದೇ ಪ್ರಾಣಿಯ ಎರಡು ಮೂರು ಚಿತ್ರಗಳನ್ನು ಒಂದೇ ದಾಖಲೆಯಲ್ಲಿ ಸೇರಿಸುವುದು ಉತ್ತಮ. ಪಟ್ಟೆ ಸ್ಪಷ್ಟವಾಗದಿದ್ದಲ್ಲಿ ಊಹೆಯಿಂದ ಪ್ರಭೇದವನ್ನು ನಮೂದಿಸದೆ ಅಳಿಲೆಂದಷ್ಟೇ ಬರೆದು ಒಪ್ಪಿಸಿದರೆ ಸಾಕು. ದಿನಾಂಕವೂ ಸ್ಥಳವೂ ಸರಿಯಾಗಿದ್ದರೆ, ಹೆಸರನ್ನು ಇಡುವ ಕೆಲಸವನ್ನು ಮುಂದೆ ಚಿತ್ರವನ್ನು ಪರಿಶೀಲಿಸುವವರು ಪೂರೈಸಬಲ್ಲರು.