ಒಂದೇ ಗಣಕಯಂತ್ರದಲ್ಲಿ ಎರಡು ವ್ಯವಸ್ಥೆ: ನಮ್ಮ ಅನುಭವ

ಬೆಳೆಗಾರ ಬಂಧುಗಳಲ್ಲಿ ಹಲವರು ಈಗ ತೋಟದ ಲೆಕ್ಕಪತ್ರವನ್ನು ಗಣಕಯಂತ್ರದಲ್ಲಿಯೇ ಇಡುತ್ತಾರೆ. ಅದರಲ್ಲಿ ವಿಂಡೋಸ್ 10 ಇದ್ದರೆ, 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಂತಿದೆ. ವಿಂಡೋಸ್ 11 ಅನೇಕ ಹಳೆಯ ಯಂತ್ರಗಳಿಗೆ ಹೊಂದುವುದಿಲ್ಲ. ಯಂತ್ರ ಗಟ್ಟಿಯಾಗಿರುವಾಗ ಹೊಸದಕ್ಕೆ ಹಣ ಸುರಿಯುವುದೇಕೆ? ನಾವು ವಿಂಡೋಸ್ ಪಕ್ಕದಲ್ಲಿಯೇ ಉಚಿತವಾಗಿ ಸಿಗುವ ಉಬುಂಟು ಲಿನಕ್ಸನ್ನು ಹಾಕಿಕೊಂಡೆವು. ಲೆಕ್ಕದ ತಂತ್ರಾಂಶ ವಿಂಡೋಸ್‌ನಲ್ಲಿ, ಅಂತರಜಾಲದ ಸಂಪರ್ಕವಿಲ್ಲದೆ. ಧಾರಣೆ ನೋಡುವುದು, ಬ್ಯಾಂಕಿನ ವ್ಯವಹಾರ ಎಲ್ಲವೂ ಲಿನಕ್ಸ್‌ನಲ್ಲಿ. ಯಂತ್ರವನ್ನು ಚಾಲೂ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ಒಂದು ಸಲಕ್ಕೆ ಒಂದೇ ನಡೆಯುತ್ತದೆ.

ಇದೊಂದು ರೀತಿಯ ಪಾಲುಪಟ್ಟಿ. ಗಡಿ ಹಾಕುವ ಮೊದಲು ಲೆಕ್ಕಪತ್ರದ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಬೇಕು. ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು. ವಿಂಡೋಸ್‌ನ ಪಾಲನ್ನು ವಿಂಡೋಸ್‌ನಿಂದಲೇ ಕಿರಿದುಗೊಳಿಸಿ ಜಾಗ ಬಿಡಿಸುವುದು ಒಳ್ಳೆಯದು. ಲಿನಕ್ಸ್ ಹಾಕುವಾಗ 'ಇಡೀ ಡಿಸ್ಕ್ ಅಳಿಸು' ಎಂಬುದನ್ನು ಆರಿಸಿದರೆ ವರ್ಷಗಳ ಲೆಕ್ಕ ಕ್ಷಣದಲ್ಲಿ ಹೋಗುತ್ತದೆ.

ನಮ್ಮನ್ನು ಹೆಚ್ಚು ಕಾಡಿದ್ದು ಗಡಿಯಾರ. ಯಂತ್ರದೊಳಗಿನ ಗಡಿಯಾರ ಒಂದೇ. ವಿಂಡೋಸ್ ಅದನ್ನು ಭಾರತೀಯ ಸಮಯವೆಂದು ಓದುತ್ತದೆ; ಲಿನಕ್ಸ್ ಅದನ್ನು ವಿಶ್ವ ಸಮಯವೆಂದು ತಿಳಿದು ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಹೀಗಾಗಿ ಲಿನಕ್ಸ್ ಬಳಸಿ ವಿಂಡೋಸ್‌ಗೆ ಬಂದರೆ ಬೆಳಿಗ್ಗೆ 11 ಗಂಟೆ 5:30 ಎಂದು ಕಾಣುತ್ತದೆ. ಏಪ್ರಿಲ್ 1ರ ಬೆಳಗಿನ ಜಾವ 5ಕ್ಕೆ ಬರೆದ ಲೆಕ್ಕ ಮಾರ್ಚ್ 31ಕ್ಕೆ, ಅಂದರೆ ಹಿಂದಿನ ವರ್ಷಕ್ಕೆ ಸೇರಿಬಿಡಬಹುದು! ಲಿನಕ್ಸೂ ಸ್ಥಳೀಯ ಸಮಯವನ್ನೇ ಪಾಲಿಸುವಂತೆ ಒಂದೇ ಆಜ್ಞೆಯಲ್ಲಿ ಹೇಳಬಹುದು. ಹಾಕಿಕೊಡುವವರಿಂದ ಅಂದೇ ಮಾಡಿಸಿಕೊಳ್ಳಿ.

ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಅನ್ನು ಆರಿಸಿಡಬೇಕು. ಇಲ್ಲವಾದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಯಲ್ಲಿರುತ್ತದೆ. ಆಗ ಅದರ ಪಾಲಿನ ಕಡತಗಳನ್ನು ಲಿನಕ್ಸ್‌ನಿಂದ ತಿದ್ದಲಾಗದು. ಲಿನಕ್ಸ್‌ನ ಪಾಲನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಆದ್ದರಿಂದ ಎರಡಕ್ಕೂ ಬೇಕಾದ ಕಡತಗಳು ವಿಂಡೋಸ್ ಪಾಲಿನಲ್ಲಿರಲಿ. ಕನ್ನಡವನ್ನು ಯೂನಿಕೋಡ್‌ನಲ್ಲಿ ಬರೆದರೆ ಎರಡರಲ್ಲಿಯೂ ಅಕ್ಷರ ಕೆಡದೆ ಮೂಡುತ್ತದೆ.

ಈ ಕ್ರಮದಿಂದ ಹಳೆಯ ಯಂತ್ರ ಇನ್ನಷ್ಟು ವರ್ಷ ದುಡಿಯಬಲ್ಲದು. ಆದರೆ ವ್ಯವಸ್ಥೆ ಎರಡಾದರೂ ಡಿಸ್ಕು ಒಂದೇ ಎಂಬುದನ್ನು ಮರೆಯಬಾರದು. ಅದು ಕೆಟ್ಟರೆ ಎರಡೂ ಹೋದಂತೆ. ತಿಂಗಳಿಗೊಮ್ಮೆ ಲೆಕ್ಕಪತ್ರದ ಪ್ರತಿ ತೆಗೆದು, ಯಂತ್ರದಿಂದ ದೂರ, ಪಹಣಿ ಕಾಗದಗಳ ಜೊತೆಗೆ ಬೀರುವಿನಲ್ಲಿಡಿ.